ಕಡಲು ನಮ್ಮ ಗದ್ದೆ



ಗದ್ದೆಗೆ ಯಾರಾದರೂ ಕಸ ಸುರಿದರೆ ನಾವು ಸುಮ್ಮನೆ ಇರುತ್ತೇವೆಯೇ? ಇಲ್ಲ. ಬೇಲಿಯ ಹತ್ತಿರ ನಿಂತು ಜೋರಾಗಿ ಕೇಳುತ್ತೇವೆ. ಯಾಕೆಂದರೆ ಗದ್ದೆ ನಮಗೆ ಅನ್ನ ಕೊಡುತ್ತದೆ.

ಕಡಲು ಕೂಡ ನಮ್ಮ ಗದ್ದೆಯೇ. ಅದಕ್ಕೆ ಬೇಲಿ ಇಲ್ಲ, ಪಟ್ಟೆ ಪತ್ರ ಇಲ್ಲ. ಆದರೂ ಅದು ಸಾವಿರಾರು ಮನೆಗಳಿಗೆ ಅನ್ನ ಕೊಡುತ್ತದೆ. ಈ ಗದ್ದೆಗೆ ಪ್ರತಿದಿನ ಕಸ ಬೀಳುತ್ತಿದೆ. ಯಾರು ಹಾಕುತ್ತಾರೆ? ಎಲ್ಲಿಂದ ಬರುತ್ತದೆ? ತಡೆಯೋದು ಹೇಗೆ? ಈ ಪಾಠದಲ್ಲಿ ಅದನ್ನು ಓದೋಣ. ನಿಧಾನವಾಗಿ ಓದಿ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಆಮೇಲೆ ಮಾತಾಡೋಣ.

1. ಕಡಲು ನಮಗೆ ಏನು ಕೊಡುತ್ತದೆ?

ನಮ್ಮ ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಉದ್ದದ ಕಡಲತೀರ ಇದೆ. ಉತ್ತರದಲ್ಲಿ ಕಾರವಾರದ ಮಾಜಾಳಿ. ದಕ್ಷಿಣದಲ್ಲಿ ಮಂಗಳೂರಿನ ಆಚೆ ತಲಪಾಡಿ. ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಈ ಮೂರು ಜಿಲ್ಲೆಗಳು ಕಡಲಿನ ಮಗ್ಗುಲಲ್ಲಿವೆ.

ಕಡಲು ನಮಗೆ ಮೀನು ಕೊಡುತ್ತದೆ. ಬಂಗುಡೆ, ಬೂತಾಯಿ, ಅಂಜಲ್, ಕಾಣೆ, ಸಿಗಡಿ. ಗಂಡಸರು ಬಲೆ ಬೀಸಿ ಮೀನು ತರುತ್ತಾರೆ. ಆದರೆ ದಡಕ್ಕೆ ಬಂದ ಮೇಲೆ ಮೀನಿನ ಕೆಲಸ ಹೆಚ್ಚಿನದು ಹೆಂಗಸರದ್ದೇ. ಬುಟ್ಟಿ ಹೊರುವವರು ನಾವು. ಹರಾಜಿನಲ್ಲಿ ಕೂಗುವವರು ನಾವು. ಸಂತೆಯಲ್ಲಿ ಮಾರುವವರು ನಾವು. ಬಿಸಿಲಲ್ಲಿ ಒಣಗಿಸಿ ಮಳೆಗಾಲಕ್ಕೆ ಎತ್ತಿಡುವವರೂ ನಾವು. ಮೀನು ಕಮ್ಮಿಯಾದರೆ ಮೊದಲು ಬರಿದಾಗುವುದು ನಮ್ಮ ಬುಟ್ಟಿ.

ಕಡಲು ಮಳೆ ಕೊಡುತ್ತದೆ. ಮಳೆಗಾಲದ ಮೋಡ ಅರಬ್ಬಿ ಸಮುದ್ರದ ಮೇಲಿನಿಂದ ನೀರನ್ನು ಹೊತ್ತು ಬರುತ್ತದೆ. ಆ ಮೋಡ ಘಟ್ಟಕ್ಕೆ ತಾಗಿ ಮಳೆ ಸುರಿಯುತ್ತದೆ. ಹಾಗಾಗಿ ಶಿರಸಿಯ ಅಡಿಕೆ ತೋಟಕ್ಕೂ ಕಡಲಿನ ಋಣ ಇದೆ.

ಕಡಲು ಉಸಿರನ್ನೂ ಕೊಡುತ್ತದೆ. ಕಡಲಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಸಸ್ಯಗಳಿವೆ. ಭೂಮಿಯ ಮೇಲೆ ಹುಟ್ಟುವ ಪ್ರಾಣವಾಯುವಿನಲ್ಲಿ ಸುಮಾರು ಅರ್ಧ ಪಾಲು ಇಂಥ ಕಡಲ ಜೀವಿಗಳಿಂದ ಬರುತ್ತದೆ. ಆ ಸಸ್ಯಗಳನ್ನೇ ಸಣ್ಣ ಜೀವಿಗಳು, ಸಣ್ಣ ಮೀನುಗಳು ತಿನ್ನುತ್ತವೆ. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತದೆ. ದೊಡ್ಡ ಮೀನನ್ನು ನಾವು ತಿನ್ನುತ್ತೇವೆ. ಇದು ಒಂದು ಸರಪಳಿ. ಸರಪಳಿಯ ಒಂದು ಕೊಂಡಿ ಕೆಟ್ಟರೆ ಉಳಿದದ್ದೂ ಕೆಡುತ್ತದೆ.

2. ಕಸ ಕಡಲಿಗೆ ಹೇಗೆ ಬರುತ್ತದೆ?

ಕಡಲಿನ ಕಸ ಕಡಲಿನಲ್ಲಿ ಹುಟ್ಟಿದ್ದಲ್ಲ. ಅದರಲ್ಲಿ ಬಹುಪಾಲು ನೆಲದ ಮೇಲಿನಿಂದ ಬಂದದ್ದು.

ನಮ್ಮ ನದಿಗಳನ್ನು ನೆನಪು ಮಾಡಿಕೊಳ್ಳೋಣ. ಕಾರವಾರದಲ್ಲಿ ಕಾಳಿ. ಕುಮಟಾದ ಬಳಿ ಅಘನಾಶಿನಿ. ಹೊನ್ನಾವರದಲ್ಲಿ ಶರಾವತಿ. ಗಂಗೊಳ್ಳಿಯಲ್ಲಿ ಪಂಚಗಂಗಾವಳಿ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಗುರುಪುರ ಹೊಳೆ. ಎಲ್ಲವೂ ಕೊನೆಗೆ ಕಡಲಿಗೇ ಸೇರುತ್ತವೆ.

ಘಟ್ಟದ ಬುಡದ ಒಂದು ಊರಿನಲ್ಲಿ ಯಾರೋ ಒಬ್ಬರು ಚಾಕೊಲೇಟ್ ಕಾಗದವನ್ನು ಚರಂಡಿಗೆ ಎಸೆಯುತ್ತಾರೆ ಅಂತ ಇಟ್ಟುಕೊಳ್ಳಿ. ಮಳೆ ಬಂತು. ಚರಂಡಿಯ ನೀರು ತೋಡಿಗೆ ಹೋಯಿತು. ತೋಡಿನ ನೀರು ಹೊಳೆಗೆ ಹೋಯಿತು. ಹೊಳೆ ಕಡಲಿಗೆ ಹೋಯಿತು. ಎಸೆದವರು ಕಡಲನ್ನು ನೋಡಿಯೇ ಇಲ್ಲ. ಆದರೂ ಅವರ ಕಸ ಕಡಲನ್ನು ನೋಡಿತು.

ಹಾಗಾದರೆ ಕಡಲು ಕಾಪಾಡುವ ಕೆಲಸ ಕಡಲ ದಡದವರದ್ದು ಮಾತ್ರ ಅಲ್ಲ. ಬಂಟ್ವಾಳದವರದ್ದೂ ಹೌದು, ಸಿದ್ದಾಪುರದವರದ್ದೂ ಹೌದು.

3. ಪ್ಲಾಸ್ಟಿಕ್ ಸಾಯುವುದಿಲ್ಲ

ಬಾಳೆ ಎಲೆ ಎಸೆದರೆ ಏನಾಗುತ್ತದೆ? ಕೊಳೆತು ಗೊಬ್ಬರವಾಗುತ್ತದೆ. ಹಾಳೆ ತಟ್ಟೆ, ತೆಂಗಿನ ನಾರು, ಹತ್ತಿ ಬಟ್ಟೆ, ಎಲ್ಲವೂ ಒಂದು ದಿನ ಮಣ್ಣಾಗುತ್ತವೆ.

ಪ್ಲಾಸ್ಟಿಕ್ ಹಾಗಲ್ಲ. ಬಿಸಿಲಿಗೆ, ಅಲೆಗೆ ಅದು ಹರಿಯುತ್ತದೆ, ಚೂರಾಗುತ್ತದೆ. ಚೂರು ಪುಡಿಯಾಗುತ್ತದೆ. ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಆದರೆ ಮಣ್ಣಾಗುವುದಿಲ್ಲ. ಮೀನು ಆ ಪುಡಿಯನ್ನು ಆಹಾರ ಅಂತ ತಿಳಿದು ನುಂಗುತ್ತದೆ. ಬೇರೆ ಬೇರೆ ದೇಶಗಳಲ್ಲಿ ಮೀನಿನ ಹೊಟ್ಟೆಯಲ್ಲಿ, ಉಪ್ಪಿನಲ್ಲಿ, ಮನುಷ್ಯರ ರಕ್ತದಲ್ಲಿ ಕೂಡ ಪ್ಲಾಸ್ಟಿಕ್ ಪುಡಿಯನ್ನು ವಿಜ್ಞಾನಿಗಳು ಕಂಡಿದ್ದಾರೆ.

ಕಡಲಾಮೆಗೆ ಜೆಲ್ಲಿ ಮೀನು ಇಷ್ಟದ ಊಟ. ನೀರಿನಲ್ಲಿ ತೇಲುವ ಪ್ಲಾಸ್ಟಿಕ್ ಚೀಲ ನೋಡಲು ಜೆಲ್ಲಿ ಮೀನಿನ ಹಾಗೆಯೇ ಇರುತ್ತದೆ. ಆಮೆ ಅದನ್ನು ನುಂಗುತ್ತದೆ. ಹೊಟ್ಟೆ ತುಂಬಿದ ಹಾಗೆ ಆಗುತ್ತದೆ, ಆದರೆ ಆಹಾರ ಇಲ್ಲ. ಹಾಗೆಯೇ ಸೊರಗಿ ಸಾಯುತ್ತದೆ.

ಹರಿದ ನೈಲಾನ್ ಬಲೆಯೂ ದೊಡ್ಡ ಅಪಾಯ. ಕಡಲಿಗೆ ಬಿಟ್ಟ ಬಲೆ ಸುಮ್ಮನೆ ಇರುವುದಿಲ್ಲ. ಅದು ವರ್ಷಗಟ್ಟಲೆ ಮೀನು ಹಿಡಿಯುತ್ತಲೇ ಇರುತ್ತದೆ. ಹಿಡಿದ ಮೀನು ಅಲ್ಲೇ ಸಾಯುತ್ತದೆ. ಯಾರ ಬುಟ್ಟಿಗೂ ಬರುವುದಿಲ್ಲ.

ಕೆಲವರು ಪ್ಲಾಸ್ಟಿಕ್ ಅನ್ನು ಒಲೆಗೆ ಹಾಕುತ್ತಾರೆ. ಅದು ಇನ್ನೂ ಕೆಟ್ಟದ್ದು. ಆ ಹೊಗೆಯಲ್ಲಿ ವಿಷ ಇರುತ್ತದೆ. ಒಲೆಯ ಮುಂದೆ ಕೂರುವವರು ನಾವು. ನಮ್ಮ ಮಡಿಲಲ್ಲಿ ಕೂರುವುದು ಮಗು. ಹೊಗೆ ಹೋಗುವುದು ನಮ್ಮಿಬ್ಬರ ಎದೆಗೆ.

4. ಕೊಳಚೆ ನೀರು

ಊರಿನ ಕೊಳಚೆ ನೀರನ್ನು ಶುದ್ಧ ಮಾಡದೆ ಹೊಳೆಗೆ ಬಿಟ್ಟರೆ ರೋಗದ ಕ್ರಿಮಿಗಳು ಅದರ ಜೊತೆ ಹೋಗುತ್ತವೆ. ವಾಂತಿಭೇದಿ, ಕಾಮಾಲೆ, ಟೈಫಾಯಿಡ್ ಇಂಥ ನೀರಿನಿಂದ ಹರಡುತ್ತವೆ.

ಅಳಿವೆಯಲ್ಲಿ ಚಿಪ್ಪಿ ಹೆಕ್ಕುವ ಅಕ್ಕಂದಿರು ಇದನ್ನು ಮುಖ್ಯವಾಗಿ ತಿಳಿಯಬೇಕು. ಚಿಪ್ಪಿ, ಮರುವಾಯಿ ನೀರನ್ನು ಸೋಸಿ ಆಹಾರ ತಿನ್ನುತ್ತವೆ. ನಾವು ಅಕ್ಕಿ ಗಾಳಿಸಿದ ಹಾಗೆ ಅವು ನೀರನ್ನು ಗಾಳಿಸುತ್ತವೆ. ನೀರಿನಲ್ಲಿ ಕ್ರಿಮಿ ಇದ್ದರೆ ಕ್ರಿಮಿ ಅವುಗಳ ಮೈಯಲ್ಲಿ ಉಳಿಯುತ್ತದೆ. ವಿಷ ಇದ್ದರೆ ವಿಷ ಉಳಿಯುತ್ತದೆ. ನೀರು ಚೆನ್ನಾಗಿದ್ದರೆ ಚಿಪ್ಪಿಯೂ ಚೆನ್ನಾಗಿರುತ್ತದೆ. ಚಿಪ್ಪಿಯನ್ನು ಯಾವಾಗಲೂ ಚೆನ್ನಾಗಿ ಬೇಯಿಸಿಯೇ ತಿನ್ನಬೇಕು. ಬೇಯಿಸಿದರೆ ಕ್ರಿಮಿ ಸಾಯುತ್ತದೆ. ಆದರೆ ಕಾರ್ಖಾನೆಯ ವಿಷ ಬೇಯಿಸಿದರೂ ಹೋಗುವುದಿಲ್ಲ.

ಸೋಪಿನ ಪುಡಿಯ ನೀರು, ಗದ್ದೆಯಿಂದ ತೊಳೆದು ಬರುವ ರಾಸಾಯನಿಕ ಗೊಬ್ಬರ, ಇವು ಹೆಚ್ಚಾದರೆ ನೀರಿನಲ್ಲಿ ಪಾಚಿ ಮಿತಿ ಮೀರಿ ಬೆಳೆಯುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯು ಮುಗಿಯುತ್ತದೆ. ಆಗ ಮೀನು ಉಸಿರು ಸಿಕ್ಕದೆ ಸತ್ತು ತೇಲುತ್ತದೆ.

5. ಮಿನಮಾಟದ ಕಥೆ

ಇದು ನಡೆದ ಕಥೆ. ಕಟ್ಟುಕಥೆ ಅಲ್ಲ.

ಜಪಾನ್ ದೇಶದಲ್ಲಿ ಮಿನಮಾಟ ಅಂತ ಒಂದು ಊರು ಇದೆ. ಕಡಲ ದಡದ ಊರು. ಅಲ್ಲಿಯೂ ನಮ್ಮ ಹಾಗೆ ಮೀನುಗಾರರ ಮನೆಗಳಿದ್ದವು. ಮೂರು ಹೊತ್ತೂ ಮೀನಿನದೇ ಊಟ.

ಊರಿನಲ್ಲಿ ಒಂದು ದೊಡ್ಡ ಕಾರ್ಖಾನೆ ಇತ್ತು. ಊರಿಗೆ ಕೆಲಸ ಕೊಟ್ಟ ಕಾರ್ಖಾನೆ. ಜನ ಅದನ್ನು ಗೌರವದಿಂದ ನೋಡುತ್ತಿದ್ದರು. ಅದು 1932ರಿಂದ ತನ್ನ ಕೊಳಕು ನೀರನ್ನು ಕಡಲಿಗೆ ಬಿಡುತ್ತಿತ್ತು. ಆ ನೀರಿನಲ್ಲಿ ಪಾದರಸದ ವಿಷ ಇತ್ತು. ನೀರು ನೋಡಲು ನೀರಿನ ಹಾಗೆಯೇ ಇತ್ತು.

ಮೊದಲು ಮೀನುಗಳು ಸತ್ತು ತೇಲಿದವು. ಆಮೇಲೆ ಬೆಕ್ಕುಗಳಿಗೆ ಹುಚ್ಚು ಹಿಡಿದ ಹಾಗೆ ಆಯಿತು. ಕುಣಿದು ಕುಣಿದು ಬಿದ್ದು ಸತ್ತವು. ಮೀನು ತಿಂದ ಬೆಕ್ಕುಗಳು ಅವು. ಆಮೇಲೆ ಜನರ ಸರದಿ. ಕೈ ನಡುಗಿತು. ಮಾತು ತೊದಲಿತು. ಕಣ್ಣು ಮಂಜಾಯಿತು. ನಡೆಯಲು ಆಗಲಿಲ್ಲ. 1956ರಲ್ಲಿ ಆಸ್ಪತ್ರೆಯವರು ಇದೊಂದು ಹೊಸ ಕಾಯಿಲೆ ಅಂತ ಸರಕಾರಕ್ಕೆ ತಿಳಿಸಿದರು.

ಜನ ಏನು ತಿಳಿದರು ಗೊತ್ತೇ? ಇದು ಅಂಟುರೋಗ ಅಂತ ತಿಳಿದರು. ಕಾಯಿಲೆಯ ಮನೆಗೆ ಹೋಗುವುದನ್ನು ಬಿಟ್ಟರು. ಬಡ ಮೀನುಗಾರರ ಮನೆಗಳು ಒಂಟಿಯಾದವು.

ಎಲ್ಲಕ್ಕಿಂತ ದುಃಖದ ಸಂಗತಿ ಇನ್ನೊಂದಿದೆ. ಕೆಲವು ಬಸುರಿ ಹೆಂಗಸರಿಗೆ ಹೆಚ್ಚೇನೂ ತೊಂದರೆ ಕಾಣಲಿಲ್ಲ. ಆದರೆ ಅವರ ಹೊಟ್ಟೆಯಲ್ಲಿದ್ದ ಮಗುವಿಗೆ ವಿಷ ಹೋಗಿತ್ತು. ಮಕ್ಕಳು ಹುಟ್ಟುವಾಗಲೇ ಕೈಕಾಲು ಸೊಟ್ಟಗಾಗಿ, ಬುದ್ಧಿ ಬೆಳೆಯದೆ ಹುಟ್ಟಿದವು. ತಾಯಿ ತಿಂದ ತುತ್ತು ಮಗುವಿಗೆ ವಿಷವಾಯಿತು.

ಮೀನಿನಿಂದಲೇ ಈ ಕಾಯಿಲೆ, ಕಾರ್ಖಾನೆಯ ಪಾದರಸದಿಂದಲೇ ಈ ವಿಷ ಅಂತ 1959ರಲ್ಲಿ ವೈದ್ಯ ಸಂಶೋಧಕರು ಹೇಳಿದರು. ಆದರೂ ಕಾರ್ಖಾನೆ 1968ರವರೆಗೆ ಆ ನೀರನ್ನು ಬಿಡುತ್ತಲೇ ಇತ್ತು. ಕಾಯಿಲೆಯವರು, ಅವರ ಮನೆಯವರು ಸುಮ್ಮನೆ ಕೂರಲಿಲ್ಲ. ಕಾರ್ಖಾನೆಯ ಮುಂದೆ ಕೂತರು. ಕೋರ್ಟಿಗೆ ಹೋದರು. 1973ರಲ್ಲಿ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ಕಾರ್ಖಾನೆ ಪರಿಹಾರ ಕೊಡಬೇಕಾಯಿತು. ಆ ಕಡಲಿನ ಮೀನು ಮತ್ತೆ ತಿನ್ನಬಹುದು ಅಂತ ಸರಕಾರ ಹೇಳಿದ್ದು 1997ರಲ್ಲಿ.

ಹೆದರಬೇಡಿ. ನಮ್ಮ ಬಂಗುಡೆ, ಬೂತಾಯಿ ತಿನ್ನಬಾರದು ಅಂತ ಈ ಕಥೆಯ ಅರ್ಥ ಅಲ್ಲ. ಮೀನು ಒಳ್ಳೆಯ ಆಹಾರ. ಬಸುರಿ ಬಾಣಂತಿಯರಿಗೂ ಒಳ್ಳೆಯದು. ಸಣ್ಣ ಮೀನಿನಲ್ಲಿ ಪಾದರಸ ಸೇರುವುದು ಕಮ್ಮಿ. ಈ ಕಥೆಯ ಅರ್ಥ ಬೇರೆ. ಕಡಲಿಗೆ ಬಿಟ್ಟದ್ದು ಕಡಲಿನಲ್ಲೇ ಉಳಿಯುವುದಿಲ್ಲ. ಅದು ತಿರುಗಿ ನಮ್ಮ ತಟ್ಟೆಗೆ ಬರುತ್ತದೆ. ಮೊದಲ ಗುರುತು ಕಂಡಾಗಲೇ ಕೇಳಬೇಕು. ಮೀನು ಸತ್ತು ತೇಲಿದಾಗಲೇ ಕೇಳಬೇಕು.

6. ಹಡಗು ಮುಳುಗಿದಾಗ

2006ರ ಮೇ ತಿಂಗಳ ಕೊನೆಯಲ್ಲಿ ಕಾರವಾರದ ಹತ್ತಿರ ಒಂದು ಹಡಗು ಬಂಡೆಗೆ ತಾಗಿ ಒಡೆಯಿತು. ಅದರ ಹೆಸರು ಓಷನ್ ಸೆರಾಯ. ಹಡಗಿನ ಎಣ್ಣೆ ಕಡಲಿಗೆ ಚೆಲ್ಲಿತು. ಕಾರವಾರದ ದಡಕ್ಕೆ ಕಪ್ಪು ಜಿಡ್ಡು ಬಂತು. ಗೋವಾದ ಕಡೆಗೂ ಹೋಯಿತು.

2022ರ ಜೂನ್ ತಿಂಗಳಲ್ಲಿ ಉಳ್ಳಾಲದ ಬಳಿ ಇನ್ನೊಂದು ಹಡಗು ಮುಳುಗಿತು. ಅದರಲ್ಲಿದ್ದ 15 ಜನರನ್ನು ಕರಾವಳಿ ಕಾವಲು ಪಡೆಯವರು ಉಳಿಸಿದರು.

2025ರ ಮೇ 25ರಂದು ಕೇರಳದ ಕೊಚ್ಚಿಯ ಆಚೆ ಎಲ್ಸಾ 3 ಎಂಬ ದೊಡ್ಡ ಹಡಗು ಮುಳುಗಿತು. ಅದರಲ್ಲಿ 640 ಪೆಟ್ಟಿಗೆಗಳಿದ್ದವು. ಒಂದೊಂದು ಪೆಟ್ಟಿಗೆ ಒಂದು ಲಾರಿಯಷ್ಟು ದೊಡ್ಡದು. ಕೆಲವು ಪೆಟ್ಟಿಗೆಗಳು ಒಡೆದವು. ಸಾಬಕ್ಕಿಯ ಹಾಗೆ ಕಾಣುವ ಪ್ಲಾಸ್ಟಿಕ್ ಕಾಳುಗಳು ಕೇರಳದ ದಡದ ತುಂಬ ಬಂದು ಬಿದ್ದವು. ಮರಳಿನಿಂದ ಆ ಕಾಳುಗಳನ್ನು ಬೇರೆ ಮಾಡುವುದು ಎಷ್ಟು ಕಷ್ಟ, ನೀವೇ ಯೋಚಿಸಿ. ರವೆಯಲ್ಲಿ ಬಿದ್ದ ಸಾಸಿವೆ ಹೆಕ್ಕಿದ ಹಾಗೆ.

ಎಣ್ಣೆ ನೀರಿನ ಮೇಲೆ ತೇಲುತ್ತದೆ. ತೆಳುವಾಗಿ ದೂರದವರೆಗೆ ಹರಡುತ್ತದೆ. ಹಕ್ಕಿಯ ರೆಕ್ಕೆಗೆ ಅಂಟುತ್ತದೆ. ಮೀನಿನ ಮೊಟ್ಟೆಯನ್ನು ಕೊಲ್ಲುತ್ತದೆ. ಬಲೆಗೆ ಅಂಟಿದರೆ ಬಲೆ ಹಾಳು. ದೊಡ್ಡ ಹಡಗಿನ ಎಣ್ಣೆ ಮಾತ್ರ ಅಲ್ಲ. ನಮ್ಮ ದೋಣಿಯ ಹಳೆ ಎಣ್ಣೆಯನ್ನು ಬಂದರಿನಲ್ಲಿ ಚೆಲ್ಲಿದರೂ ಅದೇ ಕಥೆ.

ದಡದಲ್ಲಿ ಗುರುತಿಲ್ಲದ ಪೆಟ್ಟಿಗೆ, ಪೀಪಾಯಿ, ಎಣ್ಣೆ ಕಂಡರೆ ಮುಟ್ಟಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ. ಕರಾವಳಿ ಕಾವಲು ಪಡೆಯ ಫೋನ್ ನಂಬರ್ 1554. ಪೊಲೀಸರ ನಂಬರ್ 112. ಈ ಎರಡು ನಂಬರ್‌ಗಳನ್ನು ನಿಮ್ಮ ಪುಸ್ತಕದ ಹಿಂದೆ ಬರೆದುಕೊಳ್ಳಿ.

7. ಕಾಂಡ್ಲಾ ಕಾಡು ಮತ್ತು ಕಡಲಾಮೆ

ಹೊಳೆ ಕಡಲಿಗೆ ಸೇರುವ ಕಡೆ ಕೆಸರಿನಲ್ಲಿ ಬೆಳೆಯುವ ಗಿಡಗಳನ್ನು ನೋಡಿದ್ದೀರಲ್ಲ? ಬೇರು ಮೇಲೆ ಎದ್ದು ನಿಂತಿರುತ್ತದೆ. ಅದೇ ಕಾಂಡ್ಲಾ. ಕೆಲವರು ಅದನ್ನು ಉಪಯೋಗವಿಲ್ಲದ ಪೊದೆ ಅಂತ ತಿಳಿಯುತ್ತಾರೆ.

ಆದರೆ ಕಾಂಡ್ಲಾ ಮೀನಿನ ತೊಟ್ಟಿಲು. ಸಿಗಡಿ, ಏಡಿ, ಎಷ್ಟೋ ಬಗೆಯ ಮೀನುಗಳ ಮರಿಗಳು ಆ ಬೇರುಗಳ ನಡುವೆ ಬೆಳೆಯುತ್ತವೆ. ದೊಡ್ಡ ಮೀನು ಅಲ್ಲಿಗೆ ನುಗ್ಗಲು ಆಗುವುದಿಲ್ಲ. ಕಾಂಡ್ಲಾ ದಡದ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಅಲೆಯ ಪೆಟ್ಟನ್ನು ತಡೆಯುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ತಮಿಳುನಾಡಿನ ಪಿಚ್ಚಾವರಂನಲ್ಲಿ ಇಂಥ ಕಾಡಿನ ಹಿಂದಿದ್ದ ಹಳ್ಳಿಗಳಿಗೆ ಹಾನಿ ಕಮ್ಮಿಯಾಯಿತು.

ನಮ್ಮ ಅಘನಾಶಿನಿ ಅಳಿವೆಯಲ್ಲಿ ಕಾಂಡ್ಲಾ ಇದೆ. ಚಿಪ್ಪಿ ಇದೆ. ಉಪ್ಪುನೀರಿನಲ್ಲೂ ಬೆಳೆಯುವ ಕಗ್ಗ ಭತ್ತ ಇದೆ. 2024ರಲ್ಲಿ ಈ ಅಳಿವೆಯನ್ನು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿಸಿದರು. ಆ ಪಟ್ಟಿಯ ಹೆಸರು ರಾಮ್ಸಾರ್ ಪಟ್ಟಿ. ಇಂಥ ಜಾಗಕ್ಕೆ ಕಸ ಸುರಿದರೆ ತೊಟ್ಟಿಲಿಗೆ ಕಸ ಸುರಿದ ಹಾಗೆ.

ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆ ನಮ್ಮ ಮರಳಿಗೆ ಬಂದು ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ಸುಮಾರು 100 ಮೊಟ್ಟೆ. ಗುಂಡಿ ತೋಡಿ, ಮೊಟ್ಟೆ ಇಟ್ಟು, ಮರಳು ಮುಚ್ಚಿ ಹೋಗುತ್ತದೆ. ಸುಮಾರು 45ರಿಂದ 60 ದಿನಗಳಲ್ಲಿ ಮರಿ ಹೊರಗೆ ಬರುತ್ತದೆ. ದಡದ ತುಂಬ ಕಸ, ಬಲೆ ಇದ್ದರೆ ತಾಯಿ ಆಮೆ ಮೇಲೆ ಬರಲು ಆಗುವುದಿಲ್ಲ. ಮರಿ ನೀರಿಗೆ ಇಳಿಯಲು ಆಗುವುದಿಲ್ಲ. 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಕಡಲಾಮೆಯನ್ನು ಕೊಲ್ಲುವುದು, ಅದರ ಮೊಟ್ಟೆ ತೆಗೆಯುವುದು ದೊಡ್ಡ ಅಪರಾಧ. ಮೊಟ್ಟೆ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ.

8. ತಪ್ಪು ಯಾರದ್ದು?

ಈ ಪಾಠ ಓದುವಾಗ ಕೆಲವು ಪ್ರಶ್ನೆಗಳು ಬರುತ್ತವೆ. ಕಲಿಕಾ ಕೇಂದ್ರಗಳಲ್ಲಿ ಅಕ್ಕಂದಿರು ಕೇಳುವ ಪ್ರಶ್ನೆಗಳು ಇವು. ಎರಡನ್ನು ಇಲ್ಲಿ ಬರೆದಿದ್ದೇವೆ.

“ಟೀಚರ್, ನಾವು ಒಂದು ಚೀಲ ಬಿಸಾಡಿದ್ರೆ ಕಡಲು ಹಾಳಾಗ್ತದಾ? ದೊಡ್ಡ ದೊಡ್ಡ ಕಾರ್ಖಾನೆಯವ್ರು, ಹಡಗಿನವ್ರು ಹಾಳು ಮಾಡೂದು. ಅವ್ರನ್ನು ಬಿಟ್ಟು ನಮಗ್ಯಾಕೆ ಪಾಠ?”

ಈ ಮಾತಿನಲ್ಲಿ ನ್ಯಾಯ ಇದೆ. ಪಾದರಸ ಬಿಟ್ಟದ್ದು ಮಿನಮಾಟದ ಹೆಂಗಸರಲ್ಲ. ಹಡಗು ಮುಳುಗಿಸಿದ್ದು ಮೀನು ಮಾರುವವರಲ್ಲ. ದೊಡ್ಡವರ ತಪ್ಪನ್ನು ಬಡವರ ತಲೆಗೆ ಹೊರಿಸಬಾರದು. ಕಡಲು ಗುಡಿಸುವ ಕೆಲಸ ಹೆಂಗಸರದ್ದು ಮಾತ್ರ ಅಂತಲೂ ಅಲ್ಲ.

ಆದರೆ ಇನ್ನೊಂದು ಮಾತೂ ಇದೆ. ನಮ್ಮ ಮನೆಯ ಕಸ ನಮ್ಮ ಕೈಯಲ್ಲಿದೆ. ಅದನ್ನು ನಾಳೆಯೇ ನಿಲ್ಲಿಸಬಹುದು. ನಮ್ಮ ಅಂಗಳ ಚೊಕ್ಕಟ ಇದ್ದರೆ ಕಾರ್ಖಾನೆಯವರನ್ನು ಕೇಳುವಾಗ ನಮ್ಮ ಧ್ವನಿ ಗಟ್ಟಿಯಾಗಿರುತ್ತದೆ. ಎರಡು ಕೆಲಸವೂ ಬೇಕು. ಒಂದು ಕೈ ಕಸ ಹೆಕ್ಕಬೇಕು. ಇನ್ನೊಂದು ಕೈ ಅರ್ಜಿ ಬರೆಯಬೇಕು.

“ಮೀನು ಕೊಳ್ಳೂಕೆ ಬರೋರು ಚೀಲ ತರೂದಿಲ್ಲ. ಪ್ಲಾಸ್ಟಿಕ್ ಕೊಡೂದಿಲ್ಲ ಅಂದ್ರೆ ಪಕ್ಕದ ಬುಟ್ಟಿಗೆ ಹೋಗ್ತ್ರು. ನಮ್ಮ ಹೊಟ್ಟೆಪಾಡು ಎಂತ?”

ಇದೂ ನಿಜ. ಒಬ್ಬರೇ ನಿಲ್ಲಿಸಿದರೆ ನಷ್ಟ ಅವರಿಗೇ. ಅದಕ್ಕೇ ಇದನ್ನು ಒಬ್ಬರೇ ಮಾಡಬಾರದು. ಇಡೀ ಮಾರುಕಟ್ಟೆಯ ಅಕ್ಕಂದಿರು ಕೂತು ಮಾತಾಡಬೇಕು. ಒಂದು ದಿನ ಗೊತ್ತು ಮಾಡಬೇಕು. ಆ ದಿನದಿಂದ ಯಾವ ಬುಟ್ಟಿಯಲ್ಲೂ ತೆಳು ಚೀಲ ಇಲ್ಲ ಅಂತ ತೀರ್ಮಾನ ಮಾಡಬೇಕು. ಆಗ ಕೊಳ್ಳುವವರು ಎಲ್ಲಿಗೆ ಹೋಗುತ್ತಾರೆ? ನಾಲ್ಕು ದಿನ ಗೊಣಗುತ್ತಾರೆ. ಐದನೆಯ ದಿನ ಡಬ್ಬಿ ತರುತ್ತಾರೆ. ಮೊದಲು ತೇಗದ ಎಲೆಯಲ್ಲಿ ಮೀನು ಕಟ್ಟಿ ಕೊಡುತ್ತಿದ್ದದ್ದು ಅಜ್ಜಿಯಂದಿರಿಗೆ ಇನ್ನೂ ನೆನಪಿದೆ.

9. ಕಾನೂನು ಏನು ಹೇಳುತ್ತದೆ?

ಕಾನೂನು ಗೊತ್ತಿದ್ದರೆ ಧೈರ್ಯ ಬರುತ್ತದೆ. ನಾಲ್ಕು ಮಾತು ನೆನಪಿಡಿ.

ಒಂದು. 1974ರ ಜಲ ಕಾಯಿದೆ. ಯಾವ ಕಾರ್ಖಾನೆಯೂ ವಿಷದ ನೀರನ್ನು ಹೊಳೆಗೆ, ಕಡಲಿಗೆ ಬಿಡುವಂತಿಲ್ಲ. ಇದನ್ನು ನೋಡಿಕೊಳ್ಳಲು ಮಾಲಿನ್ಯ ನಿಯಂತ್ರಣ ಮಂಡಳಿ ಇದೆ. ಅಲ್ಲಿಗೆ ನಾವು ದೂರು ಕೊಡಬಹುದು.

ಎರಡು. 1991ರಲ್ಲಿ ಕಡಲತೀರ ಕಾಪಾಡಲು ಕರಾವಳಿ ನಿಯಂತ್ರಣ ವಲಯದ ನಿಯಮ ಬಂತು. 2011ರಲ್ಲಿ, 2019ರಲ್ಲಿ ಅದನ್ನು ಬದಲಿಸಿದರು. ಊರಿನ ಕಸವನ್ನು ದಡದಲ್ಲಿ ಸುರಿಯುವುದು, ಶುದ್ಧ ಮಾಡದ ಕೊಳಚೆಯನ್ನು ಬಿಡುವುದು ಈ ನಿಯಮದ ಪ್ರಕಾರ ತಪ್ಪು. ಕಾಂಡ್ಲಾ ಕಾಡಿಗೆ ವಿಶೇಷ ರಕ್ಷಣೆ ಇದೆ.

ಮೂರು. ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಚಮಚಗಳನ್ನು ಕರ್ನಾಟಕ ಸರಕಾರ 2016ರಲ್ಲೇ ನಿಷೇಧ ಮಾಡಿತು. ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ ಇದೆ.

ನಾಲ್ಕು. ಗ್ರಾಮಸಭೆಯಲ್ಲಿ ಮಾತಾಡುವ ಹಕ್ಕು ಪ್ರತಿ ಮತದಾರರಿಗೂ ಇದೆ. ಹೆಂಗಸರಿಗೂ ಇದೆ. ಯಾರ ಅಪ್ಪಣೆಯೂ ಬೇಡ.

10. ನಾವು ಏನು ಮಾಡಬಹುದು?

ಮನೆಯಲ್ಲಿ:

ಹಸಿ ಕಸ ಬೇರೆ, ಒಣ ಕಸ ಬೇರೆ ಇಡೋಣ. ಹಸಿ ಕಸ ತೆಂಗಿನ ಬುಡಕ್ಕೆ ಗೊಬ್ಬರ. ಮೀನು ತೊಳೆದ ನೀರು, ಮೀನಿನ ಮುಳ್ಳು ಕೂಡ ತೆಂಗಿಗೆ ಒಳ್ಳೆಯದು.

ಮುಟ್ಟಿನ ಪ್ಯಾಡ್, ಮಗುವಿನ ಡೈಪರ್‌ಗಳನ್ನು ತೋಡಿಗೆ ಹಾಕಬಾರದು. ಅದರಲ್ಲಿಯೂ ಪ್ಲಾಸ್ಟಿಕ್ ಇದೆ. ನಾಚಿಕೆಯಿಂದ ರಾತ್ರಿ ಹೊತ್ತು ಹೊಳೆಗೆ ಎಸೆಯುವವರಿದ್ದಾರೆ. ನಾಚಿಕೆ ಬೇಡ. ಕಾಗದದಲ್ಲಿ ಸುತ್ತಿ, ಗುರುತು ಮಾಡಿ, ಬೇರೆಯಾಗಿ ಕಸದ ಗಾಡಿಗೆ ಕೊಡಬೇಕು. ತೊಳೆದು ಬಿಸಿಲಲ್ಲಿ ಒಣಗಿಸಿದ ಹತ್ತಿ ಬಟ್ಟೆಯನ್ನೂ ಬಳಸಬಹುದು.

ಶೌಚಾಲಯದ ಕೊಳವೆಯನ್ನು ತೋಡಿಗೆ ಬಿಡಬಾರದು. ಗುಂಡಿಗೇ ಬಿಡಬೇಕು. ಗುಂಡಿ ಬಾವಿಯಿಂದ ದೂರ ಇರಬೇಕು.

ದೋಣಿಯಲ್ಲಿ:

ಕಡಲಿಗೆ ಹೋಗುವ ಗಂಡಸರಿಗೆ ಒಂದು ಗೋಣಿ ಕೊಟ್ಟು ಕಳಿಸೋಣ. ಕುಡಿದ ನೀರಿನ ಬಾಟಲಿ, ಹರಿದ ಬಲೆ, ಬಲೆಗೆ ಸಿಕ್ಕಿದ ಪ್ಲಾಸ್ಟಿಕ್, ಎಲ್ಲವನ್ನೂ ಅದರಲ್ಲಿ ಹಾಕಿ ದಡಕ್ಕೆ ತರಲಿ. ಯಂತ್ರದ ಹಳೆ ಎಣ್ಣೆಯನ್ನು ಡಬ್ಬಿಯಲ್ಲಿ ತರಲಿ.

ಊರಿನಲ್ಲಿ:

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಒಣ ಕಸ ವಿಂಗಡಿಸಲು ಸ್ವಚ್ಛ ಸಂಕೀರ್ಣ ಎಂಬ ಘಟಕಗಳನ್ನು ಮಾಡಿದ್ದಾರೆ. ಬಹಳ ಕಡೆ ಅದನ್ನು ಸ್ವಸಹಾಯ ಸಂಘದ ಹೆಂಗಸರೇ ನಡೆಸುತ್ತಾರೆ. ಕಸದ ಗಾಡಿಯನ್ನೂ ಹೆಂಗಸರೇ ಓಡಿಸುತ್ತಾರೆ. ಅದು ಅವರಿಗೆ ಸಂಬಳದ ಕೆಲಸ. ನಿಮ್ಮ ಊರಿಗೆ ಗಾಡಿ ಬರುತ್ತದೆಯೇ? ಬರದಿದ್ದರೆ ಕೇಳಿ.

ಕಡಲತೀರ ಚೊಕ್ಕಟ ಇಡಲು ಸಾಧ್ಯ ಇದೆ. ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ತೀರಗಳಿಗೆ 2020ರಲ್ಲಿ ನೀಲಿ ಬಾವುಟದ ಗೌರವ ಸಿಕ್ಕಿತು. ಶುದ್ಧ ನೀರು, ಶುದ್ಧ ಮರಳು ಇರುವ ತೀರಗಳಿಗೆ ಕೊಡುವ ಬಾವುಟ ಅದು. ಪ್ರವಾಸಿಗರು ಬರುವ ತೀರವನ್ನು ಚೊಕ್ಕಟ ಮಾಡಲು ಆಗುವುದಾದರೆ ಮೀನುಗಾರರು ಇರುವ ತೀರವನ್ನು ಮಾಡಲು ಯಾಕೆ ಆಗುವುದಿಲ್ಲ? ಈ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಕೇಳಿ.

11. ಅರ್ಜಿ ಬರೆಯೋಣ

ಹೆಬ್ಬೆಟ್ಟು ಒತ್ತುವ ಕಾಲ ಮುಗಿಯಿತು. ಈಗ ನಮ್ಮ ಕೈಯಲ್ಲಿ ಪೆನ್ನು ಇದೆ. ಈ ಅರ್ಜಿಯನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಚುಕ್ಕಿ ಇರುವಲ್ಲಿ ನಿಮ್ಮ ಊರಿನ ವಿವರ ತುಂಬಿ.

ಊರು: ..............
ತಾರೀಕು: ..............

ಇವರಿಗೆ,
ಅಧ್ಯಕ್ಷರು,
.............. ಗ್ರಾಮ ಪಂಚಾಯಿತಿ.

ವಿಷಯ: ಕಡಲ ದಡದಲ್ಲಿ ಕಸ ಸುರಿಯುವುದನ್ನು ನಿಲ್ಲಿಸುವ ಬಗ್ಗೆ.

ಮಾನ್ಯರೇ,

ನಮ್ಮ ಊರಿನ .............. ಎಂಬ ಜಾಗದಲ್ಲಿ ಕಸ ಸುರಿಯುತ್ತಿದ್ದಾರೆ. ಅದು ಮಳೆಗೆ ಕಡಲಿಗೆ ಹೋಗುತ್ತಿದೆ. ನಾವು ಮೀನು ಮಾರಿ ಜೀವನ ಮಾಡುವವರು. ಇದರಿಂದ ನಮ್ಮ ಬಲೆ, ಮೀನು, ಆರೋಗ್ಯ ಹಾಳಾಗುತ್ತಿದೆ. ದಯವಿಟ್ಟು ಈ ಜಾಗದ ಕಸ ತೆಗೆಸಿ. ವಾರಕ್ಕೆ .............. ಸಲ ಕಸದ ಗಾಡಿ ಕಳಿಸಿ. ಇಲ್ಲಿ ಕಸ ಹಾಕಬಾರದು ಎಂಬ ಬೋರ್ಡು ಹಾಕಿಸಿ. ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಚರ್ಚೆಗೆ ತೆಗೆದುಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ಸಹಿ: 1. .............. 2. .............. 3. ..............

ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಕಚೇರಿಯ ಮುದ್ರೆ ಹಾಕಿಸಿಕೊಂಡು ಜೋಪಾನವಾಗಿ ಇಡಿ. ಮುದ್ರೆ ಇಲ್ಲದ ಅರ್ಜಿ ಮಾತಿನ ಹಾಗೆ, ಗಾಳಿಗೆ ಹೋಗುತ್ತದೆ. ಒಬ್ಬರ ಸಹಿಗಿಂತ ಮೂವತ್ತು ಜನರ ಸಹಿಗೆ ಬಲ ಹೆಚ್ಚು.

12. ಲೆಕ್ಕ ಮಾಡಿ

ಒಂದು ಊರಿನಲ್ಲಿ 150 ಮನೆಗಳಿವೆ. ಒಂದು ಮನೆಯಿಂದ ದಿನಕ್ಕೆ 2 ಪ್ಲಾಸ್ಟಿಕ್ ಚೀಲ ಹೊರಗೆ ಹೋಗುತ್ತದೆ ಅಂತ ಇಟ್ಟುಕೊಳ್ಳಿ.

ಒಂದು ದಿನಕ್ಕೆ ಎಷ್ಟು? 150 ಮನೆ, ಮನೆಗೆ 2 ಚೀಲ. ಒಟ್ಟು 300.
30 ದಿನಕ್ಕೆ ಎಷ್ಟು? 9,000.
365 ದಿನಕ್ಕೆ ಎಷ್ಟು? ನೀವೇ ಲೆಕ್ಕ ಮಾಡಿ. ಉತ್ತರ ಒಂದು ಲಕ್ಷ ದಾಟುತ್ತದೆ.

ಈಗ ಪ್ರತಿ ಮನೆಯೂ ಒಂದು ಬಟ್ಟೆ ಚೀಲ ಹೊಲಿದುಕೊಂಡರೆ? ಆಗ ಊರಿಗೆ ಬೇಕಾಗುವುದು 150 ಚೀಲ ಮಾತ್ರ. ಹಳೆ ಸೀರೆಯಿಂದಲೂ ಹೊಲಿಯಬಹುದು.

13. ಓದಿ, ಮಾತಾಡಿ, ಬರೆಯಿರಿ

1. ನಿಮ್ಮ ಊರಿನ ಹತ್ತಿರದ ಹೊಳೆಯ ಹೆಸರೇನು? ಅದು ಎಲ್ಲಿ ಕಡಲಿಗೆ ಸೇರುತ್ತದೆ?
2. ಪ್ಲಾಸ್ಟಿಕ್ ಅನ್ನು ಒಲೆಗೆ ಯಾಕೆ ಹಾಕಬಾರದು?
3. ಮಿನಮಾಟದಲ್ಲಿ ಜನರಿಗಿಂತ ಮೊದಲು ಯಾವ ಪ್ರಾಣಿಗಳಿಗೆ ಕಾಯಿಲೆ ಬಂತು? ಆಗಲೇ ಜನ ಏನು ಮಾಡಬಹುದಿತ್ತು?
4. ಕಾಂಡ್ಲಾ ಕಾಡನ್ನು ಮೀನಿನ ತೊಟ್ಟಿಲು ಅಂತ ಯಾಕೆ ಹೇಳುತ್ತೇವೆ?
5. ದಡದಲ್ಲಿ ಗುರುತಿಲ್ಲದ ಪೀಪಾಯಿ ಕಂಡರೆ ಏನು ಮಾಡುತ್ತೀರಿ?
6. ನಿಮ್ಮ ಅಜ್ಜಿಯ ಕಾಲದಲ್ಲಿ ಮೀನನ್ನು ಯಾವುದರಲ್ಲಿ ಕಟ್ಟಿ ಕೊಡುತ್ತಿದ್ದರು? ಹಿರಿಯರನ್ನು ಕೇಳಿ ಮೂರು ಸಾಲು ಬರೆಯಿರಿ.

ಹೊಸ ಪದಗಳು

ಅಳಿವೆ: ಹೊಳೆ ಕಡಲಿಗೆ ಸೇರುವ ಜಾಗ.
ಮಾಲಿನ್ಯ: ನೀರು, ಗಾಳಿ, ಮಣ್ಣು ಕೊಳಕಾಗುವುದು.
ಪ್ರಾಣವಾಯು: ನಾವು ಬದುಕಲು ಉಸಿರಾಡುವ ಗಾಳಿಯ ಭಾಗ.
ಪಾದರಸ: ನೀರಿನ ಹಾಗೆ ಜಾರುವ, ಬೆಳ್ಳಿಯ ಹಾಗೆ ಹೊಳೆಯುವ ಲೋಹ. ಮೈಗೆ ಸೇರಿದರೆ ವಿಷ.
ನಿಷೇಧ: ಮಾಡಬಾರದು ಎಂಬ ಕಟ್ಟಳೆ.
ಪರಿಹಾರ: ನಷ್ಟಕ್ಕೆ ಕೊಡುವ ಹಣ.

ಈ ಪಾಠವನ್ನು ಮನೆಗೆ ತೆಗೆದುಕೊಂಡು ಹೋಗಿ. ಓದು ಬಾರದ ನೆರೆಮನೆಯವರಿಗೆ ಮಿನಮಾಟದ ಕಥೆಯನ್ನು ಓದಿ ಹೇಳಿ. ಮಕ್ಕಳಿಗೂ ಹೇಳಿ. ಮುಂದಿನ ಪಾಠಕ್ಕೆ ಬರುವಾಗ ನೀವು ಬರೆದ ಅರ್ಜಿಯನ್ನು ತನ್ನಿ. ಎಲ್ಲರೂ ಕೂತು ಓದೋಣ, ತಿದ್ದೋಣ. ಆಮೇಲೆ ಎಲ್ಲರೂ ಸೇರಿ ಪಂಚಾಯಿತಿಗೆ ಹೋಗೋಣ.